ಗ್ರಂಥಾಲಯಾಚಾರ್ಯ ಶ್ರೀ ರಂಗನಾಥನ್ ಅವರು

ಮದರಾಸು ವಿಶ್ವವಿದ್ಯಾನಿಲಯದವರು 1923ರಲ್ಲಿ ತಮ್ಮ ಪುಸ್ತಕಭಂಡಾರಕ್ಕೆ ಗ್ರಂಥಪಾಲರೊಬ್ಬರು ಬೇಕೆಂದು ಪ್ರಕಟಿಸಲು ಸುಮಾರು 900 ಮಂದಿ ಅರ್ಜಿ ಹಾಕಿದರಂತೆ. ಆ ವಿದ್ಯೆಯನ್ನು ಕ್ರಮವಾಗಿ ಕಲಿತವರು ಅವರಲ್ಲಿ ಒಬ್ಬರೂ ಇರಲಿಲ್ಲ. ಕಡೆಗೆ ಆ ಪದವಿಯು ಲಭಿಸಿದುದು, ಅದರಲ್ಲಿ ಅಷ್ಟಾಗಿ ಮನಸ್ಸೇ ಇಲ್ಲದಿದ್ದ ಓರ್ವ ಗಣಿತೋಪಾಧ್ಯಾಯರಿಗೆ. ಆ ಮಹನೀಯರೇ ಶ್ರೀ ಶಿಯಾಳಿ ರಾಮಾಮೃತ ರಂಗನಾಥನ್ ಅವರು.

ಇವರು 1892ರ ಆಗಸ್ಟ್ ತಿಂಗಳಲ್ಲಿ ತಂಜಾವೂರು ಸೀಮೆಯ ಶಿಯಾಳಿಯಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ಪಿತೃವಿಯೋಗವಾಯಿತು. ಮಾತಿನಲ್ಲಿ ತೊದಲಿದ್ದರೂ ಧೃತಿಗೆಡದೆ ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಗಣಿತವನ್ನು ವ್ಯಾಸಂಗಮಾಡಿ ಎಂ.ಎ. ಪದವಿಯನ್ನು ಪಡೆದರು. 1917ರಲ್ಲಿ ಉಪಾಧ್ಯಾಯವೃತ್ತಿಯನ್ನು ಆರಂಭಿಸಿದುದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಎಂಬುದು ಕನ್ನಡಿಗರಿಗೆ ಸಂತೋಷದ ಸಂಗತಿ. ತರುವಾಯ ಕೊಯಮತ್ತೂರಿಗೂ, ಅಲ್ಲಿಂದ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿಗೂ ಹೋದರು.

1924ರ ಜನವರಿಯಲ್ಲಿ ಗ್ರಂಥಪಾಲರಾಗಿ ಕುಳಿತರಷ್ಟೆ. ಒಂದು ವಾರ ಕಳೆಯುವುದರೊಳಗೆ ಜೀವ ಬೇಸತ್ತಿತು. ಶಿಷ್ಯರ ಕಲಕಲದಲ್ಲಿ ಬಾಳಿದವರಿಗೆ ಆ ನಿರ್ಜನ ಭಂಡಾರವು ಸೆರೆಮನೆಯಂತೆ ತೋರಿತು. ತಮ್ಮ ಹಳೆಯ ಕೆಲಸವನ್ನೇ ಕರುಣಿಸಬೇಕೆಂದು ಕಾಲೇಜಿನ ಮುಖ್ಯಾಧಿಕಾರಿಗಳಲ್ಲಿ ಮೊರೆಯಿಟ್ಟರು. ಮೊದಲು ಇಂಗ್ಲೆಂಡಿಗೆ ಹೋಗಿ ಆ ವಿದ್ಯೆಯನ್ನು ನೋಡಿಬರಬೇಕು, ಆಗಲೂ ಮನಸ್ಸೊಪ್ಪದಿದ್ದರೆ ಉಪಾಧ್ಯಾಯ ಪದವಿಯು ಇದ್ದೇ ಇದೆ, ಎಂಬ ಒಪ್ಪಂದವಾಯಿತು.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇವರಿಗೆ ಸೇಯರ್ಸ್ ಎಂಬ ಗುರುಗಳು ದೊರೆತರು. ಆತನು ಕ್ರಾಯ್ಡನ್ ಪಟ್ಟಣದ ಗ್ರಂಥಪಾಲನೂ ಆಗಿದ್ದನು. ರಂಗನಾಥನ್ ಅವರು ನೂರಕ್ಕೂ ಮಿಕ್ಕ ಗ್ರಂಥಾಲಯಗಳನ್ನು ಸಂಚರಿಸಿ ನೋಡಿದರು. ಅಲ್ಲಿ ಪುಸ್ತಕವು ಕೇವಲ ಪಂಡಿತರ ಸ್ವತ್ತಾಗಿರಲಿಲ್ಲ. ಕೂಲಿಕಾರರೂ, ಹೆಂಗಸರೂ, ಮಕ್ಕಳೂ ಬಂದು ತಮಗೆ ಬೇಕಾದುದನ್ನು ಒಯ್ಯುತ್ತಿದ್ದರು. ಇದನ್ನು ಕಂಡೊಡನೆ ಇವರ ಮನಸ್ಸು ತಿರುಗಿತು. ಒಮ್ಮೆ ಅಂಗಡಿಯೊಂದರಲ್ಲಿ ಮೆಕಾನೋ ಎಂಬ ಮಕ್ಕಳ ಆಟಿಕೆಯನ್ನು ನೋಡಿದರು. ಅದೇ ಕೆಲವು ಪಟ್ಟಿಗಳನ್ನೂ ತಿರುಪುಗಳನ್ನೂ ಬಗೆಬಗೆಯಾಗಿ ಜೋಡಿಸಿ ನಾನಾ ಯಂತ್ರಗಳನ್ನು ಮಾಡುವಂತೆ, ವಿಷಯಗಳ ಅಂಗಗಳನ್ನು ಜೋಡಿಸಿ ಯಾವ ಗ್ರಂಥಕ್ಕಾದರೂ ಅದರ ಸ್ಥಾನವನ್ನು ಕಲ್ಪಿಸಬಹುದಲ್ಲವೇ ಎಂದು ಹೊಳೆಯಿತು. 1933ರಲ್ಲಿ ಪ್ರಕಟವಾದ ದ್ವಿಬಿಂದು ವರ್ಗೀಕರಣವು ಹುಟ್ಟಿದುದು ಹೀಗೆ.

1925ರಲ್ಲಿ ಹಿಂದಿರುಗಿದ ಮೇಲೆ ಹಳೆಯ ಕೆಲಸದ ಮಾತೇ ಏಳಲಿಲ್ಲ. ಓದುಗರು ತಾವೇ ಕಪಾಟುಗಳ ಬಳಿಗೆ ಹೋಗಿ ಗ್ರಂಥಗಳನ್ನು ಆರಿಸಿಕೊಳ್ಳಲು ಅನುವು ಮಾಡಿಕೊಟ್ಟರು. 1928ರಲ್ಲಿ ಮದರಾಸು ಗ್ರಂಥಾಲಯ ಸಂಘವು ಸ್ಥಾಪಿತವಾಯಿತು. ಮರುವರ್ಷ ಗ್ರಂಥಪಾಲರ ಶಿಕ್ಷಣವೂ ಮೊದಲಾಯಿತು. ಅದೇ 1928ರಲ್ಲಿ ಪತ್ನೀವಿಯೋಗದ ದುಃಖವನ್ನೂ ಅನುಭವಿಸಿದರು. 1931ರಲ್ಲಿ ಹೊರಟ ಪಂಚಸೂತ್ರಗಳ ಗ್ರಂಥದಲ್ಲಿ ಮೊದಲನೆಯ ಸೂತ್ರವು ಪುಸ್ತಕವಿರುವುದು ಉಪಯೋಗಕ್ಕಾಗಿ ಎಂಬರ್ಥದ್ದು. ಕೇಳಲು ಇದು ಅತಿ ಸುಲಭವಾಗಿ ತೋರಬಹುದು. ಆದರೆ ವಸ್ತ್ರದಲ್ಲಿ ಕಟ್ಟಿ, ವರ್ಷಕ್ಕೊಮ್ಮೆ ಪೂಜಿಸಿ, ಬಿಚ್ಚದೆಯೇ ಮತ್ತೆ ಪೆಟ್ಟಿಗೆಗೆ ಸೇರಿಸಿದ ಓಲೆಗರಿಯ ಕಟ್ಟುಗಳು ನಮ್ಮ ನಾಡಿನಲ್ಲಿ ಎಷ್ಟಿದ್ದುವೆಂಬುದನ್ನು ಬಲ್ಲವರಿಗೆ ಅದರ ಭಾರವು ತಿಳಿಯದಿರದು. ಆ ವರ್ಷವೇ ಮನ್ನಾರ್ಗುಡಿಯ ಸುತ್ತಿನ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕಗಳು ಹೊರಟುವು.

ಇಪ್ಪತ್ತು ವರ್ಷಗಳ ಕಾಲ ರಜವೆಂಬುದನ್ನೇ ಅರಿಯದೆ ದುಡಿದು, 1945ರ ಹೊತ್ತಿಗೆ ಮದರಾಸಿನ ಕೆಲಸವನ್ನು ಬಿಟ್ಟರು. ವಿಶ್ರಾಂತಿಯ ವಯಸ್ಸು, ಆದರೂ ಕಾಶಿಯ ಹಿಂದೂ ವಿಶ್ವವಿದ್ಯಾನಿಲಯದ ಕರೆಗೆ ಓಗೊಟ್ಟು, ಅಲ್ಲಿಯ ಸುಮಾರು 1,00,000 ಗ್ರಂಥಗಳನ್ನು ಬಹುಮಟ್ಟಿಗೆ ಏಕಾಕಿಯಾಗಿಯೇ ವರ್ಗೀಕರಿಸಿದರು. ಇಷ್ಟು ದೊಡ್ಡ ಅಧಿಕಾರಿಯು ಗುಮಾಸ್ತನ ಕೆಲಸಕ್ಕೂ ಕೈಹಾಕಿದುದನ್ನು ಕೆಲವರು ಕುಂದೆನ್ನಬಹುದು. ನಮಗೆ ಹಾಗೆ ತೋರುವುದಿಲ್ಲ. 1947ರಲ್ಲಿ ದೆಹಲಿಗೆ ಹೋದರು. 1948ರಲ್ಲಿ ಮದರಾಸು ಪ್ರಾಂತವು ಸಾರ್ವಜನಿಕ ಗ್ರಂಥಾಲಯಗಳ ಶಾಸನವನ್ನು ಅಂಗೀಕರಿಸಿದುದು ಇವರ ಬಹುಕಾಲದ ಪ್ರಯತ್ನದ ಫಲ. ಕೆಲಕಾಲ ಜ್ಯೂರಿಕ್ ನಗರದಲ್ಲಿದ್ದು, ಬಳಿಕ ಬೆಂಗಳೂರಿನಲ್ಲಿ ನೆಲೆಸಿದರು.

ಜೀವಮಾನದ ಉಳಿತಾಯವಾದ ಒಂದು ಲಕ್ಷ ರೂಪಾಯಿಗಳನ್ನು, ತಮ್ಮ ದ್ವಿತೀಯ ಪತ್ನಿ ಶಾರದಾ ಅವರ ಹೆಸರನ್ನು ಕೂಡಿಸಿ, ಗ್ರಂಥಾಲಯಶಾಸ್ತ್ರದ ಪೀಠಕ್ಕಾಗಿ ಮದರಾಸು ವಿಶ್ವವಿದ್ಯಾನಿಲಯಕ್ಕೇ ಅರ್ಪಿಸಿದರು. 1962ರಲ್ಲಿ ಬೆಂಗಳೂರಿನಲ್ಲಿ ಸಂಶೋಧನ ಮತ್ತು ಶಿಕ್ಷಣ ಕೇಂದ್ರವೊಂದನ್ನು ಆರಂಭಿಸಿದರು. ಮೂರು ವರ್ಷಗಳ ಮೇಲೆ ಮೈಸೂರು ರಾಜ್ಯದ ಗ್ರಂಥಾಲಯ ಶಾಸನವೂ ಬಂದಿತು. ಸರ್ಕಾರವು 1965ರಲ್ಲಿ ಇವರಿಗೆ ರಾಷ್ಟ್ರೀಯ ಪ್ರಾಧ್ಯಾಪಕರೆಂಬ ಗೌರವವನ್ನಿತ್ತಿತು. 1972ರ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿಯೇ ದೇಹತ್ಯಾಗಮಾಡಿದರು. ಇವರು ಆರಂಭಿಸಿದ ಆ ಕೇಂದ್ರದಲ್ಲಿ ಇಂದಿಗೂ ಪಾಠಗಳು ನಡೆಯುತ್ತಿವೆ.