ರಂಗನತಿಟ್ಟಿಗೆ ರಕ್ಷಣೆ ಕೊಡಿಸಿದ ಸಲೀಂ ಅಲಿ

ಪಕ್ಷಿತಜ್ಞ ಸಲೀಂ ಅಲಿ (1896-1987) ಅವರನ್ನು ಹಕ್ಕಿಗಳ ಲೋಕಕ್ಕೆ ಎಳೆತಂದದ್ದು, ಬಾಲ್ಯದಲ್ಲಿ ಅವರೇ ಏರ್‌ಗನ್‌ನಿಂದ ಹೊಡೆದುರುಳಿಸಿದ ಹಳದಿ ಕೊರಳಿನ ಗುಬ್ಬಿ. ಅದರ ಗುರುತು ತಿಳಿಯಲೆಂದೇ ಅವರು ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಮೆಟ್ಟಿಲೇರಿದರು.

1939-40ರಲ್ಲಿ ಮೈಸೂರು ಸಂಸ್ಥಾನದ ಪಕ್ಷಿ ಸಮೀಕ್ಷೆಗೆ ಬಂದಾಗ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳ ಗೂಡುಗಳನ್ನು ಕಂಡರು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಟ್ಟಿಸಿದ ಒಡ್ಡಿನಿಂದ ಮೂಡಿದ ತಿಟ್ಟುಗಳವು; ಅಲ್ಲಿನ ಹಕ್ಕಿಗಳಿಗೆ ಕಾನೂನಿನ ಕಾವಲಿರಲಿಲ್ಲ. ಅಧ್ಯಯನಕ್ಕಾಗಿ ಹಕ್ಕಿಗಳನ್ನು ಕೋವಿಯಿಂದಲೇ ಸಂಗ್ರಹಿಸುತ್ತಿದ್ದ ಕಾಲದ ವಿಜ್ಞಾನಿ ಈ ಗೂಡುಗಳ ಪರವಾಗಿ ಮೈಸೂರು ಅರಸರ ಮನವೊಲಿಸಿದ್ದು ಗಮನಾರ್ಹ. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು.

ಇಂದು ದೋಣಿ ಏರಿದವರು ಬಂಡೆಯ ಮೇಲಿನ ಮೊಸಳೆಗಳನ್ನೂ ಮರದ ಮೇಲಿನ ಮರಿಗಳನ್ನೂ ಹತ್ತಿರದಿಂದಲೇ ಕಾಣುತ್ತಾರೆ. 2022ರಲ್ಲಿ ಈ ತಾಣ ರಾಮ್ಸರ್ ಜೌಗುಪ್ರದೇಶಗಳ ಪಟ್ಟಿಗೆ ಸೇರಿತು.