ಕಲ್ಲಿನ ಒಳಮನೆ ನೋಡಿದ ರಾಮರಾಯರು

ಡೊಂಬಿವಲಿಯಿಂದ ಲೋಕಲ್ ಹಿಡಿದು ಬ್ಯಾಂಕಿನ ಲೆಕ್ಕ ಬರೆಯುವ ನಮಗೆ ಬೆಂಗಳೂರು ಸೆಂಟ್ರಲ್ ಕಾಲೇಜಿನ ಭೂವಿಜ್ಞಾನ ಪ್ರಾಧ್ಯಾಪಕ ಎಲ್. ರಾಮರಾಯರ ಲೆಕ್ಕ ಸೋಜಿಗವೇ ಸರಿ. ತಿರುಚಿರಾಪಳ್ಳಿ ಸೀಮೆಯ ನಿನಿಯೂರು ಸುಣ್ಣಗಲ್ಲಿನಲ್ಲಿ ಸುಣ್ಣದ ಕವಚ ತೊಟ್ಟ ಪುರಾತನ ಪಾಚಿಗಳಿವೆ. ಇಂಥ ಕಲ್ಲನ್ನು ಮಿಲಿಮೀಟರಿನ ನೂರರಲ್ಲಿ ಮೂರು ಪಾಲಿನಷ್ಟು ತೆಳ್ಳಗೆ ತೇಯ್ದು, ಬೆಳಕು ಹಾಯಿಸಿ, ಸೂಕ್ಷ್ಮದರ್ಶಕದಲ್ಲಿ ಒಳಗಿನ ಗೋಡೆ, ರಂಧ್ರಗಳನ್ನು ಅಳೆಯುತ್ತಾರೆ. ಓರೆಯಾಗಿ ಕೊಯ್ದರೆ ದುಂಡು ಕೊಳವೆಯೂ ಮೊಟ್ಟೆಯಂತೆ ಕಾಣುತ್ತದೆ. ಒಂದೇ ಬಿಲ್ಲೆ ನಂಬಿದರೆ ಲೆಕ್ಕ ತಪ್ಪಿತು! ಹಲವು ದಿಕ್ಕಿನ ಬಿಲ್ಲೆಗಳು ಬೇಕು. ರಾಯರು ವಿಯನ್ನಾದ ಯೂಲಿಯಸ್ ಪಿಯಾ ಅವರೊಡನೆ 1936ರಲ್ಲಿ ಈ ಪಾಚಿಗಳ ವಿವರ ಪ್ರಕಟಿಸಿದರು. ಅಂದು ಆ ಪದರವನ್ನು ಕ್ರಿಟೇಷಿಯಸ್ ಯುಗದ ತುತ್ತತುದಿಗೆ ಸೇರಿಸಿದ್ದರು. ಇಂದು ಅದು ಡೈನೊಸಾರುಗಳು ಅಳಿದ ನಂತರದ ಪೇಲಿಯೊಸೀನ್ ಖಾತೆಯಲ್ಲಿದೆ. ಕಾಲದ ಹೆಸರು ಬದಲಾದರೂ ಪಾಚಿಗಳ ಆ ವಿವರಣೆ ಇಂದಿಗೂ ಬಳಕೆಯಲ್ಲಿದೆ. 1958ರಲ್ಲಿ ಬೆಂಗಳೂರಿನಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘವನ್ನು ಕಟ್ಟಿದವರಲ್ಲಿಯೂ ರಾಯರು ಒಬ್ಬರು.