ಜಾನ್ ಬಾಯ್ಡ್ ಡನ್ಲಪ್

ಕಬ್ಬಿನ ಹಂಗಾಮಿನಲ್ಲಿ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳ ದಾರಿಗಳಲ್ಲಿ ಟೈರಿನ ಚಕ್ಕಡಿಗಳನ್ನು ಕಾಣುತ್ತೇವೆ. ಕಬ್ಬಿಣದ ಪಟ್ಟಿಯ ಗಾಲಿಗಿಂತ ಅವು ಎತ್ತುಗಳಿಗೆ ಹಗುರ. ಆ ಹಗುರತನವನ್ನು ಲೋಕಕ್ಕೆ ತೋರಿಸಿಕೊಟ್ಟವನು ಒಬ್ಬ ಪಶುವೈದ್ಯ.

ಡನ್ಲಪ್ 1840ರಲ್ಲಿ ಸ್ಕಾಟ್ಲೆಂಡಿನಲ್ಲಿ ಜನಿಸಿದನು. ಮುಂದೆ ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ ದನಕರು, ಕುದುರೆಗಳ ಚಿಕಿತ್ಸೆಯಲ್ಲಿ ತೊಡಗಿದನು. ಅವನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಬಾಲಕನ ಮೈಯನ್ನೆಲ್ಲ ಕುಲುಕಿಸುತ್ತಿತ್ತು. 1887ರಲ್ಲಿ ತಂದೆಯು ರಬ್ಬರಿನ ಕೊಳವೆಗೆ ಗಾಳಿ ತುಂಬಿ, ಮರದ ಬಿಲ್ಲೆಯೊಂದರ ಸುತ್ತ ಬಟ್ಟೆಯಿಂದ ಬಿಗಿದನು. ಅದನ್ನೂ ಸೈಕಲ್ಲಿನ ಗಾಲಿಯನ್ನೂ ಅಂಗಳದಲ್ಲಿ ಉರುಳಿಸಿದನು. ಸೈಕಲ್ಲಿನ ಗಾಲಿ ನಡುದಾರಿಯಲ್ಲೇ ಉರುಳಿಬಿದ್ದಿತು. ಗಾಳಿಯ ಗಾಲಿ ಅಂಗಳದ ತುದಿಗೆ ಬಡಿದು ಹಿಂದಕ್ಕೆ ಪುಟಿಯಿತು!

ಇಂದು ಇಂಧನದ ಉಳಿತಾಯಕ್ಕಾಗಿ ಕಾರಿಗೆ ಟೈರನ್ನು ಆರಿಸುವವರು ಪರಿಗಣಿಸುವುದೂ ಸುಲಭವಾಗಿ ಉರುಳುವ ಈ ಗುಣವನ್ನೇ. ಗಾಳಿ ಇಳಿದ ಟೈರು ಹೆಚ್ಚು ಬಾಗಿ ಬಿಸಿಯಾಗುತ್ತದೆ; ಎಂಜಿನ್ನಿನ ಶಕ್ತಿ ಅಲ್ಲಿ ಸೋರಿಹೋಗುತ್ತದೆ. ಆದರೆ ಉರುಳುವುದೊಂದೇ ಸಾಲದು. ಮಳೆಗಾಲದಲ್ಲಿ ಟೈರು ನೆಲವನ್ನು ಹಿಡಿಯಲೂ ಬೇಕು. ನೀರನ್ನು ಹೊರದೂಡುವ ಗೀರುಗಳು ಸವೆದರೆ ಒದ್ದೆ ಡಾಂಬರಿನಲ್ಲಿ ವಾಹನ ಜಾರುತ್ತದೆ. ಎರೆಮಣ್ಣಿನ ರಾಡಿಗಾದರೋ ಟ್ರ್ಯಾಕ್ಟರಿನಂಥ ಆಳವಾದ ಏಣುಗಳೇ ಬೇಕು. ಗಟ್ಟಿ ರಸ್ತೆಯಲ್ಲಿ ಅವೇ ಭಾರವಾಗುತ್ತವೆ. ಎರಡನ್ನೂ ಪೂರ್ತಿಯಾಗಿ ಪಡೆಯುವುದು ಕಷ್ಟ.

ಡನ್ಲಪ್ಪನಿಗೆ 1888ರಲ್ಲಿ ಪೇಟೆಂಟ್ ದೊರೆಯಿತು. ಮರುವರ್ಷ ಅವನ ಟೈರುಗಳನ್ನು ತೊಡಿಸಿದ ಸೈಕಲ್ಲು ಬೆಲ್‌ಫಾಸ್ಟಿನ ಪಂದ್ಯಗಳಲ್ಲಿ ಗೆದ್ದಿತು. ಅಷ್ಟರಲ್ಲೇ ಆಘಾತವೊಂದು ಕಾದಿತ್ತು. ರಾಬರ್ಟ್ ಥಾಮ್ಸನ್ ಎಂಬ ಇನ್ನೊಬ್ಬ ಸ್ಕಾಟ್ಲೆಂಡಿನವನು 1845ರಲ್ಲಿಯೇ ಗಾಳಿಯ ಟೈರಿಗೆ ಪೇಟೆಂಟ್ ಪಡೆದಿದ್ದನು. ಸೈಕಲ್ಲುಗಳಿಲ್ಲದ ಆ ಕಾಲದಲ್ಲಿ ಲೋಕವು ಅದನ್ನು ಮರೆತಿತ್ತು. ಡನ್ಲಪ್ಪನ ಹಕ್ಕು ಅಸಿಂಧುವಾಯಿತು. ಅವನ ಹೆಸರಿನ ಕಂಪನಿ ದೇಶದೇಶಗಳಿಗೆ ಹಬ್ಬಿದರೂ ಅದರ ಮಹಾಸಂಪತ್ತು ಅವನದಾಗಲಿಲ್ಲ. 1921ರಲ್ಲಿ ಅವನು ಡಬ್ಲಿನ್ ನಗರದಲ್ಲಿ ನಿಧನನಾದನು.